ದ್ವೀಪಕ್ಕೆ ಹೋಗಿ, ದಣಿದು ಬನ್ನಿ

ದಸರೆ ರಜೆ ಮುಗಿದು ಶಾಲೆಗಳ ಬಾಗಿಲು ತೆರೆಯಿತೆಂದರೆ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ಪ್ರೌಢಶಾಲೆಗಳಲ್ಲಿ ಎರಡು ಸುದ್ದಿಗಳು ಒಟ್ಟಿಗೇ ಹೊರಡುತ್ತವೆ. ಒಂದು, ಹತ್ತನೆಯ ತರಗತಿಯವರಿಗೆ ಬೆಳಿಗ್ಗೆ ಸಂಜೆ ವಿಶೇಷ ತರಗತಿ. ಇನ್ನೊಂದು, ಡಿಸೆಂಬರಿನ ಶಾಲಾ ಪ್ರವಾಸ. ಮೊದಲನೆಯದನ್ನು ಕೇಳಿ ಮಕ್ಕಳ ಮುಖ ಬಾಡುತ್ತದೆ, ಎರಡನೆಯದನ್ನು ಕೇಳಿ ಪೋಷಕರ ಮುಖ. 'ಪರೀಕ್ಷೆ ಹತ್ತಿರ ಬಂತು, ಈಗ ತಿರುಗಾಟ ಯಾಕೆ?' ಎನ್ನುತ್ತಾರೆ ತಂದೆ. 'ಸಮುದ್ರದ ಕಡೆಗಾದರೆ ಬೇಡವೇ ಬೇಡ' ಎನ್ನುತ್ತಾರೆ ತಾಯಿ. ಹೊಗೆಸೊಪ್ಪು ಹರಾಜಿನ ದುಡ್ಡು ಕೈಗೆ ಬರುವ ಮೊದಲೇ ಅದರ ಖರ್ಚಿನ ಲೆಕ್ಕ ಮುಗಿದಿರುತ್ತದೆ. ಅದರಲ್ಲಿ ಪ್ರವಾಸದ ಬಾಬತ್ತು ಇರುವುದಿಲ್ಲ.

ಈ ಮಾತುಗಳನ್ನು ತಳ್ಳಿಹಾಕುವಂತಿಲ್ಲ. ಶಾಲಾ ಪ್ರವಾಸವೆಂದರೆ ಸಾಮಾನ್ಯವಾಗಿ ನಡೆಯುವುದಾದರೂ ಏನು? ರಾತ್ರಿಯಿಡೀ ಬಸ್ಸು, ಬೆಳಿಗ್ಗೆ ನೆಂಟರಿಷ್ಟರ ಹಾಗೆ ಐದೈದು ನಿಮಿಷ ಮುಖ ತೋರಿಸಿ ಬರುವ ಹತ್ತಾರು ಸ್ಥಳಗಳು, ದಾರಿಯುದ್ದಕ್ಕೂ ಕುರುಕಲು ತಿಂಡಿ, ಘಾಟಿಯ ತಿರುವಿನಲ್ಲಿ ವಾಂತಿ. ಮೂರನೆಯ ದಿನ ಮನೆಗೆ ಬಂದ ಮಗು ಎರಡು ದಿನ ಮಲಗುತ್ತದೆ. 'ಏನು ನೋಡಿದೆ?' ಎಂದರೆ ಬಸ್ಸಿನಲ್ಲಿ ಹಾಕಿದ ಹಾಡುಗಳ ಪಟ್ಟಿ ಹೇಳುತ್ತದೆ. ಇಂಥ ಪ್ರವಾಸಕ್ಕೆ ದುಡ್ಡು ಕೊಡಲು ಹಿಂಜರಿಯುವ ತಂದೆಯನ್ನು ಜಿಪುಣನೆನ್ನಲಾಗದು.

ಆದರೆ ಇನ್ನೊಂದು ಬಗೆಯ ಪ್ರವಾಸವಿದೆ. ಹತ್ತು ಜಾಗಗಳ ಬದಲು ಒಂದೇ ಜಾಗ. ನೋಡಿ ಬರುವುದಷ್ಟೇ ಅಲ್ಲ, ಅಲ್ಲಿ ಕೈಯಾರೆ ಒಂದು ಕೆಲಸ ಮಾಡಿ ಬರುವುದು. ಅರಕಲಗೂಡಿನಿಂದ ಒಂದು ಹಗಲಿನ ದಾರಿಯಲ್ಲಿ ಅದಕ್ಕೆ ಹೇಳಿಮಾಡಿಸಿದ ಜಾಗವೂ ಇದೆ. ಅದು ಉಡುಪಿ ಜಿಲ್ಲೆಯ ಮಲ್ಪೆಯಿಂದ ಸುಮಾರು ಆರು ಕಿ.ಮೀ. ದೂರದಲ್ಲಿ ಅರಬ್ಬೀ ಸಮುದ್ರದ ನಡುವೆ ಇರುವ ಸೇಂಟ್ ಮೇರಿಸ್ ದ್ವೀಪ.

ದಣಿವಿನಲ್ಲಿ ಎರಡು ಬಗೆ

'ಓದಿ ದಣಿದ ಮಗುವಿಗೆ ಮತ್ತೆ ಕೆಲಸವೇ? ಸುಮ್ಮನೆ ಮಲಗಲಿ ಬಿಡಿ' ಎನ್ನುವವರಿದ್ದಾರೆ. ಹೊಲದಲ್ಲಿ ಆಲೂಗೆಡ್ಡೆ ಅಗೆದು ಬಂದವನ ದಣಿವಿಗೆ ನಿದ್ದೆಯೇ ಮದ್ದು, ನಿಜ. ಆದರೆ ಬೀಜಗಣಿತದ ಲೆಕ್ಕಗಳನ್ನು ನಾಲ್ಕು ಗಂಟೆ ಮಾಡಿದವನ ದಣಿವು ಬೇರೆ. ಅವನ ಕೈಕಾಲು ದಣಿದಿರುವುದಿಲ್ಲ. ದಣಿದಿರುವುದು ಅವನ ಗಮನ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ರೇಚಲ್ ಕಪ್ಲಾನ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ 1989ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಇದನ್ನು ವಿವರಿಸಿದರು. ಮನುಷ್ಯನ ಗಮನದಲ್ಲಿ ಎರಡು ಬಗೆ. ಒಂದು, ಹಟದಿಂದ ಹಿಡಿದು ನಿಲ್ಲಿಸುವ ಗಮನ. ಪಕ್ಕದ ಮನೆಯ ಟಿ.ವಿ. ಸದ್ದನ್ನು ಕೇಳಿಸಿಕೊಳ್ಳದೆ ಪಾಠ ಓದುವುದು ಇದರಿಂದಲೇ. ಇದು ಬಳಸಿದಷ್ಟೂ ಬಳಲುತ್ತದೆ. ಇನ್ನೊಂದು, ತಾನೇ ತಾನಾಗಿ ಹರಿಯುವ ಗಮನ. ಹರಿವ ನೀರು, ಅಲುಗುವ ಎಲೆ, ಮೋಡ, ಅಲೆ ಇವುಗಳನ್ನು ನೋಡುವಾಗ ಹಟ ಬೇಕಾಗುವುದಿಲ್ಲ. ಎರಡನೆಯದು ಕೆಲಸ ಮಾಡುತ್ತಿರುವಾಗ ಮೊದಲನೆಯದು ವಿಶ್ರಾಂತಿ ಪಡೆದು ಚೇತರಿಸಿಕೊಳ್ಳುತ್ತದೆ ಎಂಬುದು ಅವರ ವಾದ.

ಇದಕ್ಕೂ ಮೊದಲು, 1984ರಲ್ಲಿ, ರೋಜರ್ ಉಲ್ರಿಚ್ ಎಂಬ ಸಂಶೋಧಕ ಇನ್ನೊಂದು ಕುತೂಹಲದ ಲೆಕ್ಕ ಕೊಟ್ಟಿದ್ದ. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಆತ ಜೋಡಿ ಜೋಡಿಯಾಗಿ ಹೋಲಿಸಿ ನೋಡಿದ. ಪ್ರತಿ ಜೋಡಿಯಲ್ಲಿ ಒಬ್ಬರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಇನ್ನೊಬ್ಬರ ಕಿಟಕಿಯಿಂದ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು, ಅವರಿಗೆ ಬೇಕಾದ ಪ್ರಬಲ ನೋವುನಿವಾರಕಗಳೂ ಕಡಿಮೆ. ರೋಗಿಗಳ ಮಾತು ವಿದ್ಯಾರ್ಥಿಗಳಿಗೆ ಹಾಗೆಯೇ ಅನ್ವಯಿಸುತ್ತದೆ ಎಂದೇನೂ ಅಲ್ಲ. ಆದರೂ ಕಣ್ಣೆದುರು ಏನಿದೆ ಎಂಬುದು ದೇಹಕ್ಕೂ ಮನಸ್ಸಿಗೂ ಸಂಬಂಧಿಸಿದ ವಿಷಯವೆಂದು ಇದರಿಂದ ತಿಳಿಯುತ್ತದೆ.

ಹಾಗೆಂದು ಕಡಲ ಮುಂದೆ ಕೈಕಟ್ಟಿ ಕುಳಿತರೆ ಸಾಕೆ? ಹದಿನೈದು ವರ್ಷದ ಮಕ್ಕಳು ಕಾಲು ಗಂಟೆಗಿಂತ ಹೆಚ್ಚು ಹಾಗೆ ಕೂರಲಾರರು. ಅವರ ಕೈಗೊಂದು ಕೆಲಸ ಬೇಕು. ಅದು ದಿನವೂ ಮಾಡುವ ಕೆಲಸವಾಗಿರಬಾರದು, ಅಷ್ಟೆ.

ಇದಕ್ಕೊಂದು ದೊಡ್ಡ ಉದಾಹರಣೆಯಿದೆ. 1921ರಲ್ಲಿ ಕಲ್ಕತ್ತೆಯ ಪ್ರಾಧ್ಯಾಪಕರಾಗಿದ್ದ ಸಿ.ವಿ. ರಾಮನ್ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕಾಗಿ ಇಂಗ್ಲೆಂಡಿಗೆ ಹೋದರು. ಸೆಪ್ಟೆಂಬರಿನಲ್ಲಿ ನಾರ್ಕುಂಡಾ ಎಂಬ ಹಡಗಿನಲ್ಲಿ ಹಿಂತಿರುಗುವಾಗ ಬೇರೆ ಪ್ರಯಾಣಿಕರಂತೆ ಅವರೂ ಆರಾಮಕುರ್ಚಿಯಲ್ಲಿ ಒರಗಿ ಕೂರಬಹುದಾಗಿತ್ತು. ಅವರ ಜೇಬಿನಲ್ಲಿದ್ದುದು ನಿಕೋಲ್ ಪಟ್ಟಕ ಎಂಬ ಪುಟ್ಟ ಉಪಕರಣ. ಆಕಾಶದ ಪ್ರತಿಬಿಂಬದಿಂದ ಕಡಲು ನೀಲಿಯಾಗಿ ಕಾಣುತ್ತದೆ ಎಂದು ಲಾರ್ಡ್ ರ್‍ಯಾಲೆ ಹೇಳಿದ್ದರು. ರಾಮನ್ ಆ ಪಟ್ಟಕದ ಮೂಲಕ ಪ್ರತಿಬಿಂಬದ ಬೆಳಕನ್ನು ತಡೆದು ನೋಡಿದರು. ನೀಲಿ ಮಾಯವಾಗಲಿಲ್ಲ, ಇನ್ನಷ್ಟು ಗಾಢವಾಯಿತು! ಹಾಗಾದರೆ ಬಣ್ಣ ನೀರಿನೊಳಗಿನದು. ಮುಂಬಯಿ ಮುಟ್ಟಿದೊಡನೆ ಅವರು ಈ ವಿಷಯವನ್ನು 'ನೇಚರ್' ಪತ್ರಿಕೆಗೆ ಬರೆದರು. ನೀರು ಬೆಳಕನ್ನು ಚದುರಿಸುವುದರ ಜೊತೆಗೆ ಕೆಂಪು ಬೆಳಕನ್ನು ಹೀರುವುದೂ ಈ ನೀಲಿಗೆ ಮುಖ್ಯ ಕಾರಣವೆಂದು ಈಗ ತಿಳಿದಿದೆ. ಆದರೆ ಅಂದು ಹಡಗಿನ ಕಟಕಟೆಯ ಬಳಿ ಹುಟ್ಟಿದ ಪ್ರಶ್ನೆಯೇ ಬೆಳೆದು 1928ರ ಫೆಬ್ರುವರಿ 28ರಂದು ರಾಮನ್ ಪರಿಣಾಮವಾಯಿತು, 1930ರಲ್ಲಿ ನೊಬೆಲ್ ಬಹುಮಾನ ತಂದಿತು. ಬಿಡುವು ಎಂದರೆ ಬರಿದಾಗಿರುವುದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಘಾಟಿ ಇಳಿಯುವಾಗಲೇ ಪಾಠ

ದ್ವೀಪದ ಪಾಠ ದ್ವೀಪದಲ್ಲೇ ಶುರುವಾಗಬೇಕೆಂದಿಲ್ಲ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಹೊರಡುವಾಗ ಹಾಸನದಲ್ಲಿ ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಇಡಿ. ಬಸ್ಸು ಘಾಟಿ ಇಳಿದು ಮಂಗಳೂರು ಸೇರುವ ಹೊತ್ತಿಗೆ ಬಾಟಲಿಯ ಹೊಟ್ಟೆ ಒಳಗೆ ತಗ್ಗಿರುತ್ತದೆ. ಯಾರೂ ಹಿಂಡಿಲ್ಲ, ತುಳಿದಿಲ್ಲ. ಹಿಂಡಿದ್ದು ಗಾಳಿ. ಎತ್ತರದ ಊರಿನಲ್ಲಿ ತಲೆಯ ಮೇಲಿನ ಗಾಳಿಯ ಹೊರೆ ಕಡಿಮೆ. ಕಡಲ ತಡಿಗೆ ಬಂದಾಗ ಅದು ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಏರುತ್ತದೆ. ಒಳಗಿನ ಗಾಳಿ ಅಷ್ಟೇ ಕುಗ್ಗುತ್ತದೆ. ಘಾಟಿಯಲ್ಲಿ ಕಿವಿ ಮುಚ್ಚಿದಂತಾಗುವುದಕ್ಕೂ ಇದೇ ಕಾರಣ. ಹಾಸನದಲ್ಲಿ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ, ಮಲ್ಪೆಯಲ್ಲಿ 100 ಡಿಗ್ರಿಗೆ. ಬಾಯ್ಲ್‌ನ ನಿಯಮವನ್ನು ಹತ್ತು ಸಲ ಉರುಹೊಡೆದವರಿಗೆ ಈ ಬಾಟಲಿ ಒಂದೇ ಸಲಕ್ಕೆ ಅರ್ಥಮಾಡಿಸುತ್ತದೆ. ಷರತ್ತು ಒಂದೇ: ಆ ಬಾಟಲಿ ಮರಳಿ ಊರಿಗೆ ಬರಬೇಕು.

ದಾರಿ ಬಿಸಿಲೆ ಘಾಟಿಯದಾದರೆ ಇನ್ನೊಂದು ಪಾಠ ಸಿಗುತ್ತದೆ. ಅಲ್ಲಿ ಮಂಕನಹಳ್ಳಿಯ ಬಳಿ ಬೆಟ್ಟದ ನೆತ್ತಿಯಲ್ಲಿ ನೀರು ಇಬ್ಭಾಗವಾಗುವ ಜಾಗವೊಂದಿದೆ. ಬ್ರಿಟಿಷರ ಕಾಲದ ಗುರುತುಕಲ್ಲೂ ಇದೆ. ಒಂದು ಮಗ್ಗುಲಿಗೆ ಬಿದ್ದ ಮಳೆಹನಿ ಹೇಮಾವತಿ, ಕಾವೇರಿಗಳ ದಾರಿ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಕುಮಾರಧಾರೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಬಿದ್ದ ಜಾಗದಲ್ಲಿ ಒಂದು ಗೇಣು ಆಚೀಚೆಯಾದರೆ ಎರಡು ಹನಿಗಳಿಗೆ ಎರಡು ಕಡಲು! ಹನಿಯ ಜೊತೆಗೆ ತೇಲುವ ಗುಟ್ಕಾ ಪೊಟ್ಟಣಕ್ಕೂ ಅಷ್ಟೆ. ಅರಕಲಗೂಡಿನ ಚರಂಡಿಗೆ ಎಸೆದದ್ದು ಪೂರ್ವದ ಕಡಲಿನತ್ತ, ಘಾಟಿಯ ಕೆಳಗೆ ಬಸ್ಸಿನ ಕಿಟಕಿಯಿಂದ ಎಸೆದದ್ದು ಪಶ್ಚಿಮದ ಕಡಲಿನತ್ತ. ಕಡಲು ನೋಡದ ಊರಿನವರಿಗೂ ಕಡಲಿನ ಜೊತೆ ಲೆಕ್ಕಾಚಾರ ಇದ್ದೇ ಇದೆ.

ಕಂಬಗಲ್ಲುಗಳ ದ್ವೀಪ

ಮಲ್ಪೆಯಿಂದ ದೋಣಿಯಲ್ಲಿ ಅರ್ಧ ಗಂಟೆಯ ಪಯಣ. ಸೇಂಟ್ ಮೇರಿಸ್ ಎಂಬುದು ಒಂದೇ ದ್ವೀಪದ ಹೆಸರಲ್ಲ, ಸಾಲು ದ್ವೀಪಗಳದ್ದು. ಅವುಗಳಲ್ಲಿ ಪ್ರವಾಸಿಗರು ಇಳಿಯುವುದು ತೆಂಗಿನ ದ್ವೀಪದಲ್ಲಿ. ಉದ್ದ ಸುಮಾರು ಅರ್ಧ ಕಿ.ಮೀ., ಅಗಲ ನೂರು ಮೀಟರ್. ಜನವಸತಿ ಇಲ್ಲ. ಸ್ಥಳೀಯರು ತೋನ್ಸೆಪಾರ್ ಎನ್ನುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಮಾತೆಯ ಹೆಸರಿಟ್ಟನೆಂಬುದು ಪ್ರತೀತಿ.

ದೋಣಿಯಿಂದ ಇಳಿದವರ ಕಣ್ಣಿಗೆ ಮೊದಲು ಬೀಳುವುದು ಬಂಡೆಗಳು. ಯಾರೋ ಶಿಲ್ಪಿಗಳು ಕಡೆದು ಒತ್ತೊತ್ತಾಗಿ ಜೋಡಿಸಿದಂತೆ ಕಲ್ಲಿನ ಕಂಬಗಳು. ಕೆಲವಕ್ಕೆ ಐದು ಮುಖ, ಕೆಲವಕ್ಕೆ ಆರು, ಕೆಲವಕ್ಕೆ ಏಳು. ಬೇಲೂರು ಹಳೇಬೀಡು ನೋಡಿ ಬೆಳೆದ ಹಾಸನ ಜಿಲ್ಲೆಯ ಮಕ್ಕಳು 'ಇದು ಯಾವ ರಾಜ ಕಟ್ಟಿಸಿದ್ದು?' ಎಂದು ಕೇಳಿದರೆ ನಗಬೇಡಿ. ಕಟ್ಟಿದ್ದು ತಂಪು.

ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳವನ್ನು ನೆನಪಿಸಿಕೊಳ್ಳಿ. ಕೆಸರು ಒಣಗುತ್ತಾ ಕುಗ್ಗುತ್ತದೆ. ಕುಗ್ಗಲು ಎಲ್ಲ ಕಡೆಯಿಂದಲೂ ಎಳೆದಾಟ. ಕೊನೆಗೆ ಬಿರುಕು ಬಿಟ್ಟು ಹಲವು ಮೂಲೆಗಳ ಬಿಲ್ಲೆಗಳಾಗುತ್ತದೆ. ಇಲ್ಲಿ ನಡೆದದ್ದೂ ಹೆಚ್ಚುಕಡಿಮೆ ಅದೇ, ಆದರೆ ಕೆಸರಿನ ಬದಲು ಕರಗಿದ ಶಿಲಾರಸ. ಭೂಗರ್ಭದಿಂದ ಉಕ್ಕಿದ ರಸ ಹರಡಿ, ಆರುತ್ತಾ ಗಟ್ಟಿಯಾಗಿ, ಕುಗ್ಗಿ ಬಿರುಕು ಬಿಟ್ಟಿತು. ಮೇಲ್ಮೈಯಲ್ಲಿ ಹುಟ್ಟಿದ ಬಿರುಕು ತಂಪು ಒಳಗಿಳಿದಂತೆಲ್ಲ ತಾನೂ ಒಳಗಿಳಿಯಿತು. ಹಾಗಾಗಿ ಬಿಲ್ಲೆಗಳ ಬದಲು ಕಂಬಗಳಾದವು. ಮೂರು ಬಿರುಕುಗಳು ಸಮನಾದ ಕೋನಗಳಲ್ಲಿ ಕೂಡಿದರೆ ಒಂದೊಂದು ಕೋನ 120 ಡಿಗ್ರಿ. ಅದು ಷಟ್ಕೋನದ ಒಳಕೋನ. ಜೇನುಗೂಡಿನಲ್ಲಿ ಕಾಣುವುದೂ ಇದೇ ಆಕಾರ. ಉತ್ತರ ಐರ್ಲೆಂಡಿನ 'ದೈತ್ಯನ ಕಾಲುದಾರಿ' ಎಂಬಲ್ಲಿ ಇಂಥ ಸುಮಾರು 40,000 ಕಂಬಗಳಿವೆ. 1986ರಲ್ಲಿ ಅದು ವಿಶ್ವಪರಂಪರೆಯ ತಾಣವಾಯಿತು. ಮಲ್ಪೆಯ ದ್ವೀಪ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಘೋಷಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೂ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬುಗಲ್ಲುಗಳಿಗೂ ಇದೇ ಗೌರವ ಸಂದಿದೆ.

ವಿದ್ಯಾರ್ಥಿಗಳಿಗೆ ಮೊದಲ ಕೆಲಸ ಇಲ್ಲಿಯೇ. ಒಬ್ಬೊಬ್ಬರೂ 50 ಕಂಬಗಳ ಮುಖಗಳನ್ನು ಎಣಿಸಿ ಬರೆದುಕೊಳ್ಳಲಿ. ಸರಾಸರಿ ತೆಗೆಯಲಿ. ಮೂರು ಮೂರು ಬಿರುಕುಗಳು ಕೂಡುವ ಜಾಲದಲ್ಲಿ ಆ ಸರಾಸರಿ ಆರರ ಹತ್ತಿರ ಬರಬೇಕೆಂದು ಗಣಿತ ಹೇಳುತ್ತದೆ. ಬಂತೇ? ಬರದಿದ್ದರೆ ಏಕೆ? ಸುತ್ತಿಗೆ ಬೇಡ, ಮೊಳೆಯಿಂದ ಹೆಸರು ಕೆತ್ತುವುದಂತೂ ಬೇಡವೇ ಬೇಡ. ಪೆನ್ಸಿಲು, ಪುಸ್ತಕ, ಅಳತೆ ಪಟ್ಟಿ ಸಾಕು.

ಅಜ್ಜನೂ ಮೊಮ್ಮಗುವೂ

ಈ ಶಿಲೆಗಳ ವಯಸ್ಸೆಷ್ಟು? ವಿಕಿರಣಶೀಲ ಧಾತುಗಳ ಕ್ಷಯವನ್ನು ಅಳೆದು ನೋಡಿದ ವಿಜ್ಞಾನಿಗಳು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷವೆನ್ನುತ್ತಾರೆ. ಮಹಾರಾಷ್ಟ್ರವನ್ನೆಲ್ಲ ಹೊದಿಸಿದ ದಖ್ಖನ್ ಲಾವಾ ಸುಮಾರು 6.6 ಕೋಟಿ ವರ್ಷದ್ದು. ದ್ವೀಪದ ಶಿಲೆಯೂ ಅದರ ಭಾಗವೆಂದು ಹಿಂದೆ ಭಾವಿಸಲಾಗಿತ್ತು. ವಯಸ್ಸು ತಿಳಿದ ಮೇಲೆ ಕಥೆ ಬದಲಾಯಿತು. ಆ ಕಾಲದಲ್ಲಿ ಭಾರತಕ್ಕೆ ಅಂಟಿಕೊಂಡಿದ್ದದ್ದು ಈಗ ಆಫ್ರಿಕಾದ ಪಕ್ಕದಲ್ಲಿರುವ ಮಡಗಾಸ್ಕರ್. ಅವೆರಡೂ ಬೇರೆಯಾಗುವಾಗ ಉಕ್ಕಿದ ರಸವೇ ಈ ಕಂಬಗಳು. ಇಂದು ಮಡಗಾಸ್ಕರಿನ ಉತ್ತರ ತುದಿ ಮಲ್ಪೆಯಿಂದ ಸುಮಾರು ನಾಲ್ಕು ಸಾವಿರ ಕಿ.ಮೀ. ದೂರ. ಭಾಗಿಸಿ ನೋಡಿ: ವರ್ಷಕ್ಕೆ ನಾಲ್ಕೈದು ಸೆಂಟಿಮೀಟರ್. ಹೆಚ್ಚುಕಡಿಮೆ ಕೈಯುಗುರು ಬೆಳೆಯುವ ವೇಗ!

ಒಂಬತ್ತು ಕೋಟಿ ವರ್ಷವೆಂದರೆ ಬಹಳ ಹಳೆಯದೆನಿಸುತ್ತದೆ. ಅರಕಲಗೂಡಿನ ಮಕ್ಕಳು ಇಲ್ಲಿ ಸ್ವಲ್ಪ ಎದೆಯುಬ್ಬಿಸಬಹುದು. ಅವರ ನೆರೆಯ ಗೊರೂರು, ಹಾಸನದ ನೈಸ್ ಶಿಲೆಗೆ ಸುಮಾರು 330 ಕೋಟಿ ವರ್ಷ. ಹೊಳೆನರಸೀಪುರದ ಶಿಸ್ಟ್ ಪಟ್ಟಿಯೂ ಭೂವಿಜ್ಞಾನಿಗಳು ಹುಡುಕಿಕೊಂಡು ಬರುವಷ್ಟು ಪುರಾತನ. ಗೊರೂರಿನ ಬಂಡೆಯನ್ನು 75 ವರ್ಷದ ಅಜ್ಜನೆಂದುಕೊಂಡರೆ ದ್ವೀಪದ ಕಂಬ ಎರಡು ವರ್ಷದ ಮೊಮ್ಮಗು. ಅದೇ ಅಳತೆಯಲ್ಲಿ, ಸುಮಾರು ಮೂರು ಲಕ್ಷ ವರ್ಷಗಳ ಮನುಷ್ಯಕುಲ ಹುಟ್ಟಿ ಎರಡೂವರೆ ದಿನವಾಯಿತು. 1907ರಲ್ಲಿ ಬೇಕ್‌ಲ್ಯಾಂಡ್ ಬೇಕಲೈಟನ್ನು ಕಂಡುಹಿಡಿದಾಗ ಹುಟ್ಟಿದ ಕೃತಕ ಪ್ಲಾಸ್ಟಿಕ್ಕಿಗೆ? ಸುಮಾರು ಒಂದೂವರೆ ನಿಮಿಷ. ಆ ಒಂದೂವರೆ ನಿಮಿಷದ ವಸ್ತು ಇಂದು ಆ ಮೊಮ್ಮಗುವಿನ ಮೈಮೇಲೆಲ್ಲ ಬಿದ್ದಿದೆ.

ಗೋಣಿಚೀಲದ ಕೆಲಸ

ಕಂಬಗಳ ಸಂದಿಯಲ್ಲಿ ಕೈಹಾಕಿ ನೋಡಿದರೆ ನೀರಿನ ಬಾಟಲಿ, ತಿಂಡಿಯ ಪೊಟ್ಟಣ, ತುಂಡಾದ ಚಪ್ಪಲಿ, ನೈಲಾನ್ ಬಲೆಯ ಚೂರು ಸಿಗಬಹುದು. ಕೆಲವನ್ನು ಪ್ರವಾಸಿಗರು ಬಿಟ್ಟುಹೋದದ್ದು, ಕೆಲವನ್ನು ಹೊಳೆಗಳು ಕಡಲಿಗೆ ಸಾಗಿಸಿ, ಕಡಲು ಮರಳಿ ತಂದು ಒಪ್ಪಿಸಿದ್ದು. ಬಿಸಿಲಿಗೆ ಪ್ಲಾಸ್ಟಿಕ್ ಪುಡಿಯಾಗುತ್ತದೆಯೇ ಹೊರತು ಮಣ್ಣಾಗುವುದಿಲ್ಲ. ಆ ಪುಡಿಯನ್ನು ಮೀನು ನುಂಗುತ್ತದೆ. ಹರಿದ ಬಲೆಯಲ್ಲಿ ಸಿಕ್ಕ ಆಮೆ ಬಿಡಿಸಿಕೊಳ್ಳಲಾರದು.

ಎರಡನೆಯ ಕೆಲಸ ಇದು. ಐದೈದು ಮಂದಿಯ ತಂಡ ಮಾಡಿ. ಇಬ್ಬರು ಕೈಗವಸು ಹಾಕಿ ಆರಿಸುವವರು, ಒಬ್ಬರು ಗೋಣಿಚೀಲ ಹಿಡಿಯುವವರು, ಒಬ್ಬರು ಬರೆದುಕೊಳ್ಳುವವರು. ಐದನೆಯವರ ಕೆಲಸ ಕಡಲನ್ನು ನೋಡುತ್ತಾ ನಿಲ್ಲುವುದು: ನೀರು ಏರುತ್ತಿದೆಯೇ, ಯಾರಾದರೂ ಬಂಡೆಯ ಅಂಚಿಗೆ ಹೋದರೇ ಎಂದು. ಕಾಲು ಗಂಟೆಗೊಮ್ಮೆ ಪಾಳಿ ಬದಲಾಗಲಿ. ಗಾಜಿನ ಚೂರು, ಸೂಜಿಯಂಥವನ್ನು ಮಕ್ಕಳು ಮುಟ್ಟಕೂಡದು, ಶಿಕ್ಷಕರನ್ನು ಕರೆಯಬೇಕು. ಒಂದು ಗಂಟೆ ಸಾಕು. ಕೊನೆಗೆ ಸ್ಪ್ರಿಂಗ್ ತಕ್ಕಡಿಗೆ ಚೀಲ ನೇತುಹಾಕಿ ತೂಕ ನೋಡಿ, ದೋಣಿಯಲ್ಲಿ ದಡಕ್ಕೆ ತಂದು ನಗರಸಭೆಯವರಿಗೆ ಒಪ್ಪಿಸಬೇಕು. ಇದಕ್ಕೆ ಮೊದಲೇ ಪತ್ರ ಬರೆದು ಅನುಮತಿ ಪಡೆಯುವುದು ಕ್ರಮ. ಪತ್ರವನ್ನು ವಿದ್ಯಾರ್ಥಿಗಳೇ ಬರೆಯಲಿ. ಕನ್ನಡ ಪಠ್ಯದ ಪತ್ರಲೇಖನಕ್ಕೆ ಅಂದಾದರೂ ನಿಜವಾದ ವಿಳಾಸ ಸಿಗುತ್ತದೆ.

ಬರೆದುಕೊಳ್ಳುವುದೇಕೆ, ಆರಿಸಿ ಹಾಕಿದರೆ ಸಾಲದೇ? ಸಾಲದು. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕಡಲತೀರದಲ್ಲಿ ಇಬ್ಬರು ಮಹಿಳೆಯರು, ಲಿಂಡಾ ಮರಾನಿಸ್ ಮತ್ತು ಕ್ಯಾಥಿ ಓಹಾರಾ, ಸ್ವಯಂಸೇವಕರನ್ನು ಕೂಡಿಸಿ ಕಸ ಆರಿಸಲು ಹೊರಟಾಗ ಪ್ರತಿಯೊಂದು ವಸ್ತುವನ್ನೂ ಎಣಿಸಿ ಬರೆಸಿದರು. ಆ ಪಟ್ಟಿಯಿಂದಲೇ ಅದು ಬರೀ ಶ್ರಮದಾನವಾಗದೆ ಅಧ್ಯಯನವಾಯಿತು. ಈಗ ಸೆಪ್ಟೆಂಬರಿನ ಮೂರನೆಯ ಶನಿವಾರ ಜಗತ್ತಿನ ಹಲವು ದೇಶಗಳಲ್ಲಿ ಅದು ನಡೆಯುತ್ತದೆ. ಯಾವ ವಸ್ತು ಎಷ್ಟು ಎಂದು ತಿಳಿದರೆ ತಾನೆ ಅದು ಬಂದದ್ದೆಲ್ಲಿಂದ, ತಡೆಯುವುದೆಲ್ಲಿ ಎಂದು ಕೇಳಬಹುದು? ಭಾರತದಲ್ಲಿ 2022ರ ಜುಲೈ 1ರಿಂದ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ, ಹೀರುಕೊಳವೆ ಮುಂತಾದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ನಿಷೇಧವಿದೆ. ಗೋಣಿಚೀಲದಲ್ಲಿ ಅವು ಎಷ್ಟು ಸಿಕ್ಕವು? ಮಕ್ಕಳ ಪಟ್ಟಿಯೇ ಹೇಳುತ್ತದೆ.

ಕಪ್ಪೆಚಿಪ್ಪುಗಳನ್ನು ಮಾತ್ರ ಚೀಲಕ್ಕೂ ಹಾಕಬೇಡಿ, ಜೇಬಿಗೂ ಹಾಕಬೇಡಿ. ಸನ್ಯಾಸಿ ಏಡಿಗೆ ಖಾಲಿ ಶಂಖವೇ ಮನೆ. ಉಳಿದ ಚಿಪ್ಪು ಸವೆದು ಆ ದ್ವೀಪದ ಮರಳಾಗುತ್ತದೆ.

ಮೂರನೆಯ ಗಂಟೆ ಯಾವ ಕೆಲಸವೂ ಇಲ್ಲ. ತೆಂಗಿನ ನೆರಳಿನಲ್ಲಿ ಕುಳಿತು ಮಾತಿಲ್ಲದೆ ಕಂಡದ್ದನ್ನು ಬರೆಯುವುದು, ಇಲ್ಲವೇ ಸುಮ್ಮನೆ ನೋಡುವುದು. ಬೆವರು ಹರಿಸಿದ ಮೇಲೆ ಕುಳಿತ ಮಗುವಿಗೆ ಅಲೆ ಕಾಣುವ ರೀತಿಯೇ ಬೇರೆ. ಕಪ್ಲಾನ್ ದಂಪತಿ ಹೇಳಿದ ಚೇತರಿಕೆ ನಡೆಯುವುದು ಈ ಗಂಟೆಯಲ್ಲಿ. ಹಿಂದಿನ ಎರಡು ಗಂಟೆಗಳಿಲ್ಲದೆ ಇದು ದಕ್ಕುವುದು ಕಷ್ಟ.

ಕಡಲಿನ ಜೊತೆ ಸಲುಗೆ ಬೇಡ

ಇನ್ನು ತಾಯಂದಿರ ಭಯದ ಮಾತು. ಅದು ಬರಿಯ ಭಯವಲ್ಲ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು ಇದೇ ದ್ವೀಪದ ಬಳಿ ನೀರುಪಾಲಾದರು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ಪ್ರಾಣ ಬಿಟ್ಟರು. ಆ ಮನೆಗಳಲ್ಲಿ ಪ್ರವಾಸದ ಹೆಸರೆತ್ತುವವರಿಲ್ಲ.

ಒಳನಾಡಿನ ಮಕ್ಕಳು ಕೆರೆಯಲ್ಲಿ ಈಜಿ ಬೆಳೆದಿರಬಹುದು. ಕೆರೆಯ ನೀರು ನಿಂತ ನೀರು, ಕಡಲಿನದು ಎಳೆಯುವ ನೀರು. ದಡಕ್ಕೆ ಬಂದ ಅಲೆಗಳ ನೀರೆಲ್ಲ ಹಿಂತಿರುಗಬೇಕಲ್ಲವೇ? ಕೆಲವು ಕಡೆ ಅದು ಕಿರಿದಾದ ಒಂದೇ ಓಣಿ ಹಿಡಿದು ರಭಸದಿಂದ ಒಳಗೆ ಹರಿಯುತ್ತದೆ. ಅಲ್ಲಿ ಅಲೆ ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ. ತಿಳಿಯದವರು ಅಲ್ಲಿಗೇ ಇಳಿಯುತ್ತಾರೆ. ಹರಿವಿನ ವೇಗ ಎರಡರಷ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಮೊಣಕಾಲುದ್ದದ ನೀರು ಕೂಡ ಮನುಷ್ಯನನ್ನು ಕೆಡವಬಲ್ಲದು. ಅಂಥ ಸೆಳೆತಕ್ಕೆ ಸಿಕ್ಕವರು ದಡದ ಕಡೆಗೇ ಈಜಲು ಹೆಣಗಿ ಸೋಲುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಓಣಿಯಿಂದ ಹೊರಬಂದ ಮೇಲೆ ದಡಕ್ಕೆ ತಿರುಗಬೇಕು. ಆದರೆ ಇದು ತಿಳಿದಿರಲಿ ಎಂದು ಹೇಳುವ ಮಾತು, ಪರೀಕ್ಷಿಸಿ ನೋಡುವ ಮಾತಲ್ಲ. ದ್ವೀಪದ ಬಂಡೆಗಳ ಮೇಲೆ ಪಾಚಿ ಬೆಳೆದಿರುತ್ತದೆ. ಅಂಚಿನಲ್ಲಿ ನಿಂತು ಫೋಟೊ ತೆಗೆಯುವವರ ಕಾಲು ಜಾರಿದರೆ ಹಿಡಿದುಕೊಳ್ಳಲು ಏನೂ ಸಿಗದು.

ಆದ್ದರಿಂದ ಪೋಷಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಶಾಲೆಯನ್ನು ನಾಲ್ಕು ಪ್ರಶ್ನೆ ಕೇಳಲಿ. ನೀರಿಗೆ ಇಳಿಸುತ್ತೀರಾ? ಉತ್ತರ 'ಇಲ್ಲ' ಎಂದೇ ಬರಬೇಕು. ದೋಣಿಯಲ್ಲಿ ಪ್ರತಿ ಮಗುವಿಗೂ ಜೀವರಕ್ಷಕ ಅಂಗಿ ಇರುತ್ತದೆಯೇ? ಹತ್ತು ಮಕ್ಕಳಿಗೆ ಒಬ್ಬರಾದರೂ ಶಿಕ್ಷಕರಿರುತ್ತಾರೆಯೇ? ದೋಣಿ ಹತ್ತುವಾಗ, ಇಳಿಯುವಾಗ, ಗಂಟೆಗೊಮ್ಮೆ ತಲೆ ಎಣಿಸುತ್ತೀರಾ? ಹೀಗೆ ಕೇಳುವುದು ಶಿಕ್ಷಕರನ್ನು ಅನುಮಾನಿಸುವುದಲ್ಲ, ಅವರ ಕೈ ಬಲಪಡಿಸುವುದು. 'ಅಪ್ಪ ಅಮ್ಮ ಬೇಡ ಅಂದಿದ್ದಾರೆ' ಎಂಬ ಮಾತು ಶಿಕ್ಷಕರ ಸೀಟಿಗಿಂತ ಜೋರಾಗಿ ಕೇಳುತ್ತದೆ. ಕೈಯಲ್ಲಿ ಕೆಲಸವಿರುವ ಮಕ್ಕಳು ನೀರಿಗೆ ಓಡುವುದೂ ಕಡಿಮೆ. ಗೋಣಿಚೀಲದ ಈ ಉಪಯೋಗವನ್ನೂ ಮರೆಯಬಾರದು.

ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿಗಳು ಹೋಗುವುದಿಲ್ಲ. ನವೆಂಬರಿನಿಂದ ಫೆಬ್ರುವರಿಯವರೆಗೆ ಹಿತವಾದ ಕಾಲ. ಅಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಕುಡಿಯುವ ನೀರನ್ನು ಸ್ಟೀಲಿನ ಬಾಟಲಿಯಲ್ಲಿ, ಚಿತ್ರಾನ್ನವನ್ನು ಡಬ್ಬಿಯಲ್ಲಿ ಕೊಂಡೊಯ್ದರೆ ಆರಿಸಬೇಕಾದ ಕಸ ಅಷ್ಟು ಕಡಿಮೆ.

ಖರ್ಚಿನ ಲೆಕ್ಕ

ತಂದೆಯ ಪ್ರಶ್ನೆಗೂ ಉತ್ತರ ಕೊಡಬೇಕು. ಹತ್ತು ಊರು ಸುತ್ತುವ ಪ್ರವಾಸಕ್ಕಿಂತ ಒಂದೇ ಊರಿಗೆ ಹೋಗಿ ಬರುವ ಪ್ರವಾಸದಲ್ಲಿ ಡೀಸೆಲ್ ಉಳಿಯುತ್ತದೆ, ಪ್ರವೇಶ ಶುಲ್ಕಗಳು ಉಳಿಯುತ್ತವೆ, ನಿದ್ದೆ ಉಳಿಯುತ್ತದೆ. ವಾಯುವಿನ ಒತ್ತಡ, ಶಿಲೆ, ವಿಕಿರಣಶೀಲತೆ, ಬಹುಭುಜಾಕೃತಿ, ಸರಾಸರಿ, ಪತ್ರಲೇಖನ, ಪರಿಸರ ಹೀಗೆ ಪಠ್ಯದ ಅರ್ಧ ಡಜನ್ ಪಾಠಗಳು ಮೂರು ದಿನದಲ್ಲಿ ಕೈಗೆ ಸಿಗುತ್ತವೆ. ಮನೆಯಲ್ಲಿ ಹೊಗೆಸೊಪ್ಪು ಪೋಣಿಸುವ, ಸಗಣಿ ಬಾಚುವ ಮಗುವಿಗೆ ಕೆಲಸ ಹೊಸದಲ್ಲ. ಆದರೆ ತನ್ನದಲ್ಲದ ಊರಿಗೆ ಹೋಗಿ, ಯಾರೂ ಕೂಲಿ ಕೊಡದ, ಯಾರೂ ಗದರದ ಕೆಲಸವನ್ನು ಗೆಳೆಯರೊಂದಿಗೆ ಮಾಡಿ ಮುಗಿಸುವ ಸುಖ ಅದಕ್ಕೆ ಹೊಸದು. ಆ ಸುಖ ಕಂಡ ಮಗು ಪುಸ್ತಕದ ಮುಂದೆ ಮತ್ತೆ ಕುಳಿತಾಗ ಅದರ ಕಣ್ಣು ಬೇರೆಯಾಗಿರುತ್ತದೆ.

ಪ್ರವಾಸಕ್ಕೆ ಕಳಿಸಲು ಸಾಧ್ಯವೇ ಆಗದ ಮನೆಗಳ ಮಕ್ಕಳೂ ಇರುತ್ತಾರೆ. ಅವರನ್ನು ಬಿಟ್ಟು ಲೆಕ್ಕ ಮುಗಿಯಬಾರದು. ದ್ವೀಪಕ್ಕೆ ಹೋಗಿ ಬಂದವರು ಮುಂದಿನ ತಿಂಗಳ ಒಂದು ಭಾನುವಾರ ಹೋಗದವರನ್ನೂ ಕರೆದುಕೊಂಡು ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋಗಲಿ. ಅಲ್ಲಿ ಕಾವೇರಿ ಬಂಡೆಗಳ ನಡುವೆ ಹರಿಯುತ್ತಾಳೆ. ದೇವಸ್ಥಾನದ ಮಗ್ಗುಲ ಮಡುವಿನಲ್ಲಿ ಹಿಡಿಯದೆ ಕಾಪಾಡಿಕೊಂಡು ಬಂದ ಮೀನುಗಳಿವೆ. ಅದೇ ಐದು ಮಂದಿಯ ತಂಡ, ಅದೇ ಗೋಣಿಚೀಲ, ಅದೇ ತಕ್ಕಡಿ, ಅದೇ ನಿಯಮ: ನೀರಿಗೆ ಇಳಿಯುವಂತಿಲ್ಲ. ದ್ವೀಪದ ಪಟ್ಟಿಯ ಪಕ್ಕದಲ್ಲಿ ನದಿಯ ಪಟ್ಟಿಯನ್ನು ಬರೆದು ಹೋಲಿಸಲಿ. ಎರಡರಲ್ಲೂ ಮೊದಲ ಸ್ಥಾನ ಯಾವ ವಸ್ತುವಿಗೆ? ಅದನ್ನು ಊರಿನಲ್ಲಿ ಮಾರುವವರು ಯಾರು, ಕೊಳ್ಳುವವರು ಯಾರು?

ಉತ್ತರ ಹುಡುಕಲು ಆ ಮಕ್ಕಳು ಬಹಳ ದೂರ ಹೋಗಬೇಕಾಗಿಲ್ಲ. ಮನೆಯ ಅಡುಗೆಮನೆ, ಶಾಲೆಯ ಎದುರಿನ ಗೂಡಂಗಡಿ ಸಾಕು. ಅಂದು ಸಂಜೆ ಅವರು ಕೇಳುವ ಪ್ರಶ್ನೆಗೆ ಉತ್ತರಿಸಲು ದೊಡ್ಡವರು ಸಿದ್ಧರಾಗಿರಬೇಕು.